ಒಂದಕ್ಕೆ ಕಾಲು

ಬೋಗುಣಿಯ ತಳಕ್ಕೆ ಎರಡೂ ಕೈ ಇಳಿಸಿ, ಪುಡಿಯನ್ನು ಮೇಲಕ್ಕೆತ್ತಿ, ಬೆರಳ ಸಂದಿಯಿಂದ ಉದುರಿಸಿ, ಮತ್ತೆ ಇಳಿಸಿ, ಭುವನಾ ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಸಲ ತಿರುವುತ್ತಿದ್ದಳು. ಕಾಫಿ ಪುಡಿ ಕಪ್ಪುಗಂದು, ಚಿಕೋರಿ ಅದಕ್ಕಿಂತ ತುಸು ಕೆಂಪು. ಎರಡು ಬಣ್ಣ ಕಾಣುವಷ್ಟು ಹೊತ್ತು ಕಲೆಸಬೇಕು, ಒಂದೇ ಬಣ್ಣ ಕಂಡಾಗ ಕೈ ತೆಗೆಯಬೇಕು. ಸೊಸೆಯಾಗಿ ಕಳಸಕ್ಕೆ ಬಂದ ವರ್ಷ ಮಾವ ಸಿದ್ದಬಸಪ್ಪನವರು ಹೇಳಿಕೊಟ್ಟದ್ದು ಇಷ್ಟೇ. ಇಪ್ಪತ್ಮೂರು ವರ್ಷವಾದರೂ ಅದಕ್ಕೆ ಸೇರಿಸುವಂಥದ್ದು ಅವಳಿಗೇನೂ ಸಿಕ್ಕಿರಲಿಲ್ಲ. ಇವತ್ತು ಮಾತ್ರ ಕೈ ಬೋಗುಣಿಯಲ್ಲಿತ್ತು, ಜೀವ ಏಪ್ರನ್ನಿನ ಜೇಬಿನಲ್ಲಿತ್ತು. ಜೇಬಿನಲ್ಲಿ ಫೋನು, ಫೋನಿನಲ್ಲಿ ಬೆಳಿಗ್ಗೆ ಹತ್ತೂಕಾಲಿಗೆ ಬಂದ ಒಂದು ಪತ್ರ. ಮೊಣಕೈವರೆಗೆ ಪುಡಿ ಹತ್ತಿದ್ದರಿಂದ ಅದನ್ನು ಮತ್ತೊಮ್ಮೆ ತೆಗೆದು ಓದುವಂತಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ, ಅಷ್ಟು ಹೊತ್ತಿಗೆ ಬಾಯಿಪಾಠವಾಗಿತ್ತು. 'ಪ್ರಿಯ ಪೀಬರಿ ಸರ್, ನಿಮ್ಮನ್ನು ನಮ್ಮ ತಿದ್ದುಗಾರರ ಬಳಗಕ್ಕೆ ಆಹ್ವಾನಿಸಲು ಸಂತೋಷಪಡುತ್ತೇವೆ.'

ಸರ್ ಎಂಬುದು ಅವಳು ಇಟ್ಟುಕೊಂಡದ್ದಲ್ಲ. ಮೂರು ವರ್ಷದ ಹಿಂದೆ ಫೋನಿನಲ್ಲಿ 'ಲೆಕ್ಕದ ಕಟ್ಟೆ' ಎಂಬ ಆ್ಯಪಿಗೆ ಸೇರುವಾಗ ಅದು ಹೆಸರು ಕೇಳಿತ್ತು. ಎದುರಿಗೆ ಆರಿಸಲು ಹರಡಿದ್ದ ಬೀಜದ ರಾಶಿಯಲ್ಲಿ ಒಂಟಿ ಗುಂಡು ಬೀಜವೊಂದು ಕಣ್ಣಿಗೆ ಬಿದ್ದು, ಪೀಬರಿ ಎಂದು ಒತ್ತಿಬಿಟ್ಟಿದ್ದಳು. ಎಲ್ಲ ಹಣ್ಣಿನೊಳಗೂ ಬೀಜ ಜೋಡಿಯಾಗಿ ಬೆನ್ನು ತಿರುಗಿಸಿ ಮಲಗಿದ್ದರೆ, ಪೀಬರಿ ಒಂದೇ ಇಡೀ ಹಣ್ಣನ್ನು ತಾನೇ ಆಳಿಕೊಂಡು ದುಂಡಗಿರುತ್ತದೆ. ಸರ್ ಎಂದು ಸೇರಿಸಿದವರು ಮಕ್ಕಳು. ಇಡೀ ರಾಜ್ಯದ ಮಕ್ಕಳು ತಮಗೆ ಬಾರದ ಮನೆಪಾಠದ ಲೆಕ್ಕವನ್ನು ಫೋಟೋ ಹೊಡೆದು ಕಟ್ಟೆಗೆ ಹಾಕುತ್ತಾರೆ, ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಇಷ್ಟು ಚೆನ್ನಾಗಿ ಲೆಕ್ಕ ಬಿಡಿಸುವವರು ಸರ್ ಅಲ್ಲದೆ ಇನ್ಯಾರು ಎಂದು ಆ ಮಕ್ಕಳಿಗೆ ಅನ್ನಿಸಿತ್ತು. ತಿದ್ದಲು ಹೋದರೆ ನಾನು ಯಾರು, ಎಲ್ಲಿಯವಳು, ಎಂತ ಮಾಡುತ್ತೇನೆ ಎಂದೆಲ್ಲ ಹೇಳಬೇಕಾಗುತ್ತದೆ ಎಂದು ಭುವನಾ ಸುಮ್ಮನಿದ್ದಳು. ಮನೆಯಲ್ಲಿಯೂ ಅಷ್ಟೇ. ಫೋನು ನೋಡಿಕೊಂಡು ಒಬ್ಬಳೇ ನಗುವ ಹೆಂಡತಿ ಸೀರಿಯಲ್ಲು ನೋಡುತ್ತಾಳೆಂದು ವಿಶ್ವನಾಥ ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದ. ಅಲ್ಲವೆಂದು ಹೇಳಿದರೆ ಅವನು ಖುಷಿಪಡುತ್ತಿದ್ದ, ಅದೇ ಕಷ್ಟ. ಮರುದಿನದಿಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಅವಳ ಬಿ.ಎಸ್ಸಿ.ಯನ್ನೂ ಹಾಗೇ ಹೇಳಿ ಹೇಳಿ, ಕೊನೆಗೆ ಅದು ಗೋಡೆಯ ಮೇಲಿನ ಕ್ಯಾಲೆಂಡರಿನಂತೆ ಆಗಿಹೋಗಿತ್ತು. ಎಲ್ಲರಿಗೂ ಗೊತ್ತು, ಯಾರೂ ನೋಡುವುದಿಲ್ಲ.

ಆದರೆ ತಿದ್ದುಗಾರರು ಎಂದರೆ ಹಾಗಲ್ಲ. ಕಟ್ಟೆಯ ಕಾನೂನು ಬಹಳ ಬಿಗಿ. ಉತ್ತರ ಬರೆದವರಿಗೆ ಅದನ್ನು ತಿದ್ದಲು ಅರ್ಧ ಗಂಟೆ ಮಾತ್ರ ಸಮಯ. ಕೇಳಿದ ಮಗು ಅಷ್ಟರಲ್ಲಿ 'ಇದೇ ಸರಿ' ಎಂದು ಹಸಿರು ಗುರುತು ಒತ್ತಿದರೆ ಆ ಅರ್ಧ ಗಂಟೆಯೂ ಇಲ್ಲ, ಆಗಲೇ ಬೀಗ. ಎಷ್ಟು ಸಲ ಬೇರೆಯವರ ಉತ್ತರದಲ್ಲಿ ಬಿಟ್ಟುಹೋದ ಒಂದು ಸೊನ್ನೆಯನ್ನು ನೋಡಿ ನೋಡಿ ಅವಳ ಕೈ ಕಡಿದಿಲ್ಲ! ಗೋಡೆಯ ಮೇಲೆ ಸೊಟ್ಟಗೆ ನೇತಾಡುವ ಪಟ ಕಣ್ಣೆದುರಿಗೇ ಇದ್ದೂ ಎದ್ದು ಸರಿಮಾಡುವಂತಿಲ್ಲ ಎಂದರೆ ಹೇಗೆ ಹಾಗೆ. ತಿದ್ದುಗಾರರಿಗೆ ಮಾತ್ರ ಎಲ್ಲ ಬೀಗದ ಕೀಲಿಯೂ ಇರುತ್ತದೆ, ಮತ್ತು ಅವರು ತಿದ್ದಿದ್ದಕ್ಕೆ ಗುರುತು ಬೀಳುವುದಿಲ್ಲ. ಇಡೀ ಕಟ್ಟೆಯಲ್ಲಿ ಅಂಥವರು ಒಂಬತ್ತು ಜನ, ಮೂರು ವರ್ಷದಲ್ಲಿ ಹೊಸಬರನ್ನು ಕರೆದದ್ದು ಇದೇ ಮೊದಲು. ಇವತ್ತು ಮಧ್ಯರಾತ್ರಿಯೊಳಗೆ 'ಒಪ್ಪಿದ್ದೇನೆ' ಎಂದು ಒತ್ತಿದರೆ ಹತ್ತನೆಯವಳು ಭುವನಾ. ಪುಡಿ ಒಂದೇ ಬಣ್ಣಕ್ಕೆ ಬಂದು ಬಹಳ ಹೊತ್ತಾಗಿತ್ತು. ಅವಳು ಇನ್ನೂ ತಿರುವುತ್ತಲೇ ಇದ್ದಳು.

"ಅದಕ್ಕೆ ಇನ್ನು ಗಾಳಿ ಹಾಕಬೇಡ ತಾಯಿ, ಘಮ ಎಲ್ಲ ಬಸ್ ಸ್ಟ್ಯಾಂಡಿಗೆ ಹೋಗ್ತಾ ಉಂಟು" ಎಂದರು ಸಿದ್ದಬಸಪ್ಪ, ಗ್ರೈಂಡರಿನ ಪಕ್ಕದ ತಮ್ಮ ಸ್ಟೂಲಿನಿಂದ.

"ಹೋಗ್ಲಿ ಬಿಡಿ ಮಾವ, ಘಮ ಹಿಡ್ಕೊಂಡು ಗಿರಾಕಿ ಬರ್ಲಿ."

ಗಿರಾಕಿಯ ಬದಲು ಬಂದದ್ದು ಧನ್ಯಶ್ರೀ, ಮೈದುನನ ಮಗಳು, ಎಂಟನೇ ಕ್ಲಾಸು. ಶಾಲೆ ಬಿಟ್ಟರೆ ಸೀದಾ ಅಂಗಡಿಗೇ ಬಂದು, ಅಪ್ಪ ಎಸ್ಟೇಟಿನಿಂದ ಬರುವವರೆಗೆ ದೊಡ್ಡಮ್ಮನ ಹತ್ತಿರ ಇರುವುದು ಅವಳ ರೂಢಿ. ಬ್ಯಾಗನ್ನು ಮೂಟೆಯ ಮೇಲೆ ಎಸೆದ ರಭಸಕ್ಕೆ ಮೂಟೆಯ ಧೂಳೆದ್ದು ಸಂಜೆ ಬಿಸಿಲಿನಲ್ಲಿ ಹೊಳೆಯಿತು.

"ದೊಡ್ಡಮ್ಮ, ಕಾಫಿ ಬೇಡ, ಹಾಲು ಕೊಡಿ. ಇವತ್ತು ನನ್ನ ಹತ್ರ ಕಾಫಿ ಹೆಸರು ಎತ್ತಬೇಡಿ."

"ಎಂತ ಆಯ್ತೇ ಮಾರಾಯ್ತಿ? ಕಾಫಿ ನಿಂಗೆಂತ ಮಾಡ್ತು?"

"ಬೆಂಚಿನ ಮೇಲೆ ನಿಲ್ಲಿಸ್ತು. ಒಬ್ಳನ್ನೇ ಅಲ್ಲ, ಹನ್ನೊಂದು ಜನಾನ. ಫುಟ್‌ಬಾಲ್ ಟೀಮ್ ಥರ ಕಾಣ್ತಿದ್ವಿ."

ವಿಶ್ವನಾಥ ಪ್ಯಾಕೆಟಿಗೆ ಲೇಬಲ್ಲು ಅಂಟಿಸುವುದನ್ನು ನಿಲ್ಲಿಸಿ ನಕ್ಕ. ಧನ್ಯಶ್ರೀ ಹಾಲಿನ ಲೋಟ ಹಿಡಿದುಕೊಂಡೇ ಅಭಿನಯ ಮಾಡಿ ಹೇಳಿದಳು. ಮನೆಪಾಠಕ್ಕೆ ಒಂದು ಲೆಕ್ಕ ಇತ್ತಂತೆ: ವ್ಯಾಪಾರಿಯ ಬಳಿ ಇಪ್ಪತ್ನಾಲ್ಕು ಕೆಜಿ ಶುದ್ಧ ಕಾಫಿ ಪುಡಿ ಇದೆ, ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ ಇಪ್ಪತ್ತೈದು ಇರಬೇಕಾದರೆ ಎಷ್ಟು ಚಿಕೋರಿ ಸೇರಿಸಬೇಕು? ಹನ್ನೊಂದು ಜನರ ಉತ್ತರವೂ ಆರು. ಕಟ್ಟೆಯಲ್ಲಿ ನೋಡಿ ಬರೆದದ್ದು. ಸುಪ್ರಿಯಾ ಮಿಸ್‌ಗೆ ಸಿಟ್ಟು ಬಂದದ್ದು ಆರಕ್ಕಲ್ಲ, ಹನ್ನೊಂದಕ್ಕೆ. ಎಲ್ಲರಿಗೂ ಒಂದೇ ತಪ್ಪು ಹೇಗೆ ಬಂತು, ಯಾರ ಪುಸ್ತಕ ನೋಡಿ ಯಾರು ಬರೆದಿರಿ ಎಂದರಂತೆ.

"ನಾನು ಹೇಳ್ದೆ, ಮಿಸ್, ಕಟ್ಟೇಲಿ ಪೀಬರಿ ಸರ್ ಅಂತ ಇದಾರೆ, ಅವ್ರೇ ಬರ್ದಿದ್ದು ಅಂತ. ಮಿಸ್ ನಂಬ್ಲೇ ಇಲ್ಲ. ನಿಮ್ಮ ದಡ್ಡತನಕ್ಕೆ ಫೋನ್ ಮೇಲೆ ಯಾಕೆ ಹೇಳ್ತೀರಿ ಅಂದ್ರು."

ಭುವನಾಳ ಕೈ ಬೋಗುಣಿಯಲ್ಲಿ ನಿಂತಿತು. "ಅಲ್ಲ ಧನ್ಯಾ, ಆರೇ ಅಲ್ವಾ? ಇಪ್ಪತ್ನಾಲ್ಕರ ಕಾಲು ಆರು."

"ಅಯ್ಯೋ ದೊಡ್ಡಮ್ಮ, ನೀವೂ ಪೀಬರಿ ಸರ್ ಪಾರ್ಟಿನಾ? ಇಪ್ಪತ್ನಾಲ್ಕಕ್ಕೆ ಆರು ಹಾಕಿದ್ರೆ ಒಟ್ಟು ಎಷ್ಟಾಯ್ತು?"

"ಮೂವತ್ತು."

"ಮೂವತ್ತರಲ್ಲಿ ಆರು ಅಂದ್ರೆ?"

ಐದರಲ್ಲಿ ಒಂದು, ನೂರಕ್ಕೆ ಇಪ್ಪತ್ತು. ಎಂಟು ಹಾಕಬೇಕು. ಎಂಟು ಹಾಕಿದರೆ ಮೂವತ್ತೆರಡು, ಅದರ ಕಾಲು ಎಂಟು. ಒಂಬತ್ತನೇ ಕ್ಲಾಸಿನಲ್ಲಿ ತೂಕಡಿಸಿಕೊಂಡು ಬಿಡಿಸುತ್ತಿದ್ದ ಲೆಕ್ಕ. ಮೂರು ವರ್ಷದಲ್ಲಿ ನಾನೂರಕ್ಕೂ ಮೇಲೆ ಉತ್ತರ ಬರೆದಿದ್ದಳು, ಗಡಿಯಾರದ ಮುಳ್ಳಿನ ಲೆಕ್ಕ, ದೋಣಿ ಪ್ರವಾಹದ ಲೆಕ್ಕ, ಎಂದೂ ಕಾಣದ ಸಮುದ್ರದ ದೀಪಸ್ತಂಭದ ಎತ್ತರದ ಲೆಕ್ಕ, ಒಂದರಲ್ಲೂ ತಪ್ಪಿರಲಿಲ್ಲ. ತಪ್ಪಿದ್ದು ಕಾಫಿಯಲ್ಲಿ. ಆ ದಿನ ಆಷಾಢದ ಮಳೆಗೆ ಗಿರಾಕಿ ಇಲ್ಲದೆ ಕೂತಿದ್ದಾಗ ಆ ಪ್ರಶ್ನೆ ಬಂದದ್ದು, ತಾನು ಓದಿ ಮುಗಿಸುವುದಕ್ಕೂ ಮೊದಲೇ ನಕ್ಕದ್ದು, ಇದನ್ನು ನನ್ನ ಹತ್ತಿರವೇ ಕೇಳಬೇಕಾ ಎಂದುಕೊಂಡದ್ದು ನೆನಪಾಯಿತು. ಅವತ್ತು ಲೆಕ್ಕ ಬಿಡಿಸಿದ್ದು ತಲೆಯಲ್ಲ, ಈ ಎರಡು ಕೈ. 'ಒಂದು ಕೆಜಿ ಕಾಫಿಗೆ ಕಾಲು ಕೆಜಿ ಚಿಕೋರಿ. ಹಾಗಾದರೆ ಇಪ್ಪತ್ನಾಲ್ಕಕ್ಕೆ ಆರು. ನೋಡಿದಿರಾ ಮಕ್ಕಳೇ, ಎಷ್ಟು ಸುಲಭ!' ಎಂದು ಬರೆದಿದ್ದಳು. ಆ ಆಶ್ಚರ್ಯಸೂಚಕ ಚಿಹ್ನೆ ಈಗ ಮುಳ್ಳಿನ ಹಾಗೆ ಚುಚ್ಚಿತು.

"ಒಂದಕ್ಕೆ ಕಾಲು ಅಂದ್ರೆ ಒಂದಕ್ಕೆ ಕಾಲೇ" ಎಂದರು ಸಿದ್ದಬಸಪ್ಪ, ತಮ್ಮ ಮೇಲೆ ಯಾರೋ ಅಪವಾದ ಹೊರಿಸಿದಂತೆ. "ನಮ್ಮಪ್ಪ ತರೀಕೆರೆಯಿಂದ ಘಟ್ಟ ಹತ್ತಿ ಬಂದ ದಿನದಿಂದ ಹಾಗೇ ಹಾಕಿದ್ದು. ಪುಸ್ತಕ ಬರೆದವ್ರು ಒಂದು ದಿನ ಇಲ್ಲಿ ಬಂದು ಕಲಸ್ಲಿ."

"ಅಜ್ಜ, ಹಾಗಾದ್ರೆ ಬೋರ್ಡಲ್ಲಿ ಚಿಕೋರಿ ಇಪ್ಪತ್ತೈದು ಪರ್ಸೆಂಟು ಅಂತ ಬರ್ಸಿದೀರಲ್ಲ, ಅದು ತಪ್ಪು. ನಾವು ಹಾಕ್ತಿರೋದು ಇಪ್ಪತ್ತೇ."

ವಿಶ್ವನಾಥ ಹೊರಗೆ ಹೋಗಿ ತನ್ನದೇ ಅಂಗಡಿಯ ಬೋರ್ಡನ್ನು ಮೊದಲ ಸಲ ನೋಡುವವನಂತೆ ಸೊಂಟದ ಮೇಲೆ ಕೈಯಿಟ್ಟು ನೋಡಿ ಬಂದ. "ಅಲ್ಲ ಅಪ್ಪ, ಐವತ್ತು ವರ್ಷದಿಂದ ನಮ್ಮ ಬೋರ್ಡೇ ಸುಳ್ಳಾ?"

"ಬೋರ್ಡು ಸುಳ್ಳಿರಬಹುದು ಮಾರಾಯ, ಕಾಫಿ ಸುಳ್ಳಲ್ಲ. ಹೇಳಿದ್ದಕ್ಕಿಂತ ಕಾಫಿ ಜಾಸ್ತಿ ಕೊಟ್ಟವರನ್ನ ಯಾವ ಪೊಲೀಸಿನವರೂ ಹಿಡಿಯೂದಿಲ್ಲ."

ಮೂವರೂ ನಕ್ಕರು. ಭುವನಾ ಕೂಡ ನಕ್ಕಳು, ಸ್ವಲ್ಪ ತಡವಾಗಿ. ಚಿಕೋರಿ ಡಬ್ಬ ತರುವ ನೆವ ಮಾಡಿ, ಕೈ ಒರೆಸಿಕೊಂಡು, ಹಿಂದಿನ ಉಗ್ರಾಣಕ್ಕೆ ಹೋದಳು. ಹೊಟ್ಟು ಬಿಡಿಸದ ಪಾರ್ಚ್‌ಮೆಂಟ್ ಬೀಜದ ಮೂಟೆಗಳ ನಡುವೆ ಒಬ್ಬರು ನಿಲ್ಲುವಷ್ಟು ಜಾಗ, ಮೇಲೆ ಗಾಜಿನ ಹೆಂಚು. ಸೊಸೆಯಾಗಿ ಬಂದ ಹೊಸದರಲ್ಲಿ ಅಳು ಬಂದರೆ ಇಲ್ಲಿಗೇ ಬರುತ್ತಿದ್ದಳು; ಈಗ ಎಷ್ಟೋ ವರ್ಷದಿಂದ ಇಲ್ಲಿಗೆ ಬರುವುದು ಲೆಕ್ಕ ಬಿಡಿಸುವುದಕ್ಕೆ. ಫೋನು ತೆಗೆದು ಆ ಉತ್ತರವನ್ನು ಹುಡುಕಿದಳು. ಹಸಿರು ಗುರುತು, ಬೀಗ, ಮುನ್ನೂರ ಹನ್ನೆರಡು ಧನ್ಯವಾದ. ಈ ಉತ್ತರದ ಬಗ್ಗೆ ಅವಳಿಗೆ ಗುಟ್ಟಾದ ಹೆಮ್ಮೆಯೂ ಇತ್ತಲ್ಲ! ಅಷ್ಟು ಧನ್ಯವಾದ ಇನ್ನಾವುದಕ್ಕೂ ಬಂದಿರಲಿಲ್ಲ. ಮೂರು ಸಾಲು, ಒಂದು ಭಾಗಾಕಾರ, ಮಕ್ಕಳಿಗೆ ಇಷ್ಟವಾಗದೆ ಏನು. ಕೆಳಗೆ ಸಣ್ಣಕ್ಷರದಲ್ಲಿ 'ನಲವತ್ತೊಂದು ಮಾತುಗಳು, ನೋಡಲು ಒತ್ತಿ' ಎಂದಿತ್ತು. ಅದನ್ನು ಯಾರೂ ಒತ್ತುವುದಿಲ್ಲ. ಬಸ್ಸು ಬರುವುದರೊಳಗೆ ಉತ್ತರ ಇಳಿಸಿಕೊಳ್ಳುವ ಮಕ್ಕಳಿಗೆ ಮೇಲಿನದೇ ಪ್ರಪಂಚ. ಅವಳೂ ಒತ್ತಿರಲಿಲ್ಲ. ಈಗ ಒತ್ತಿದಳು. 'ಥ್ಯಾಂಕ್ಸ್ ಸರ್', 'ಸೂಪರ್ ಸರ್', ಕೈಮುಗಿದ ಚಿತ್ರ, ಮತ್ತೆ 'ಥ್ಯಾಂಕ್ಸ್ ಸರ್'. ಇಪ್ಪತ್ತೇಳನೆಯದು ಕೃತಿಕಾ ಎಂಬ ಹುಡುಗಿ ಬರೆದದ್ದು. 'ಸರ್, ಎಂಟು ಬರಬೇಕಲ್ವಾ? ನಾನು ಮೂರು ಸಲ ಮಾಡಿದೆ. ನಂದೇ ತಪ್ಪಿರಬಹುದು. ಸಾರಿ ಸರ್.' ಅದರ ಕೆಳಗೆ ಯಾರೋ, 'ಪೀಬರಿ ಸರ್ ತಪ್ಪು ಬರೀತಾರಾ? ನಾಲ್ಕನೇ ಸಲ ಮಾಡು.' ಅದರ ಕೆಳಗೆ ನಗುವ ಮುಖಗಳು. ಆಮೇಲೆ ಕೃತಿಕಾ ಏನೂ ಬರೆದಿರಲಿಲ್ಲ. ಬರೆದ ತಾರೀಖು ನೋಡಿದರೆ ನಾಲ್ಕು ತಿಂಗಳ ಹಿಂದಿನದು. ನಾಲ್ಕು ತಿಂಗಳಿಂದ ಯಾವುದೋ ಊರಿನ ಆ ಹುಡುಗಿ ತನ್ನ ಎಂಟನ್ನು ಹೊಡೆದುಹಾಕಿ ಆರು ಬರೆದುಕೊಂಡು ಕೂತಿದ್ದಾಳೆ, ಮತ್ತು ಸಾರಿ ಕೇಳಿದವಳು ಅವಳು.

ಮುಖ ಬಿಸಿಯಾಯಿತು. ಎಷ್ಟು ಬಿಸಿಯಾಯಿತೆಂದರೆ ಗಾಜಿನ ಹೆಂಚಿನಿಂದ ಬೀಳುತ್ತಿದ್ದ ಬಿಸಿಲಿನಿಂದ ಸ್ವಲ್ಪ ಆಚೆ ಸರಿದು ನಿಂತಳು. ಆಗಲೇ ಬೆಳಗಿನ ಪತ್ರ ನೆನಪಾದದ್ದು, ನೆನಪಾದೊಡನೆ ಎಲ್ಲವೂ ಹಗುರಾದದ್ದು. ಇದಕ್ಕೆ ಇಷ್ಟು ಬೇಯಬೇಕೇ? 'ಒಪ್ಪಿದ್ದೇನೆ' ಎಂದು ಒತ್ತುವುದು, ಕೀಲಿ ಕೈಗೆ ಬಂದ ಕೂಡಲೇ ಈ ಉತ್ತರ ತೆರೆಯುವುದು, ಆರನ್ನು ಎಂಟು ಮಾಡುವುದು, ಮೂರು ಸಾಲನ್ನು ಐದು ಸಾಲು ಮಾಡುವುದು. ಗುರುತು ಬೀಳುವುದಿಲ್ಲ. ನಾಳೆಯಿಂದ ಬರುವ ಮಕ್ಕಳಿಗೆಲ್ಲ ಸರಿಯಾದ ಉತ್ತರ. ಹಸಿರು ಹಾಗೇ ಇರುತ್ತದೆ, ಮುನ್ನೂರ ಹನ್ನೆರಡೂ ಹಾಗೇ ಇರುತ್ತವೆ. ಇನ್ನೊಂದು ದಾರಿಯೂ ಇತ್ತು, ಅದು ಕಟ್ಟೆಯ ಎಲ್ಲರಿಗೂ ಇರುವ ದಾರಿ: 'ತಪ್ಪು ನನ್ನದು' ಎಂದು ಕೋರಿಕೆ ಕಳಿಸಿದರೆ ಒಂದು ಗಂಟೆಯೊಳಗೆ ಬೀಗ ತೆಗೆಯುತ್ತಾರೆ, ಆದರೆ ಹಳೆಯ ಉತ್ತರವನ್ನು ಅಳಿಸುವುದಿಲ್ಲ, ಅಡ್ಡಗೆರೆ ಎಳೆದು ಅಲ್ಲೇ ಇಡುತ್ತಾರೆ, ಅದರ ಮೇಲೆ ಹೊಸದು, ಎಲ್ಲಕ್ಕೂ ಮೇಲೆ ಕೆಂಪು ಪಟ್ಟಿ, ಪಟ್ಟಿಯಲ್ಲಿ ಬರೆದವರ ಹೆಸರು. ಒಮ್ಮೆ ಬಿದ್ದ ಕೆಂಪು ಹೋಗುವುದಿಲ್ಲ. ಕೆಂಪು ಬಿದ್ದವರು ತಿದ್ದುಗಾರರಾಗುವಂತಿಲ್ಲ ಎಂದು ಬೆಳಗಿನ ಪತ್ರದ ಕೊನೆಯ ಸಾಲಿನಲ್ಲಿತ್ತು. ಬೆಳಿಗ್ಗೆ ಅದನ್ನು ಓದಿ, ಇದು ನನಗಲ್ಲ ಎಂದುಕೊಂಡು ಮುಂದೆ ಹೋಗಿದ್ದಳು. ಈಗಲೂ ಅದು ತನಗಲ್ಲ ಎಂದೇ ಹೆಬ್ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡಳು.

"ಮಿಸ್ ಏನ್ ಬೇಕಾದ್ರೂ ಹೇಳ್ಲಿ ಬಿಡಿ ದೊಡ್ಡಪ್ಪ" ಎಂದು ಅಂಗಡಿಯಿಂದ ಧನ್ಯಶ್ರೀಯ ದನಿ ಕೇಳಿತು. "ನಾಳೆ ಫಸ್ಟ್ ಪೀರಿಯಡ್ಡಲ್ಲಿ ಮಿಸ್ ಅವ್ರ ಫೋನಲ್ಲೇ ಕಟ್ಟೆ ತೆಗೆದು ನೋಡ್ತಾರಂತೆ. ಆಗ ಗೊತ್ತಾಗುತ್ತೆ ನಾನು ಸುಳ್ಳು ಹೇಳಿದ್ನಾ ಅಂತ. ಉಳಿದ ಹತ್ತು ಜನ ಹೆದರ್ಕೊಂಡು ಸುಮ್ನಿದ್ರು. ಮಾತಾಡಿದ್ದು ನಾನೊಬ್ಳೇ."

"ನೋಡಿದಾಗ ಅಲ್ಲಿ ಇಲ್ದಿದ್ರೆ?"

"ಅದೆಲ್ಲಿ ಹೋಗುತ್ತೆ ದೊಡ್ಡಪ್ಪ? ಬೀಗ ಬಿದ್ದಿದೆ."

ಹೆಬ್ಬೆರಳು ಗಾಜಿಗೆ ಇನ್ನೂ ತಾಗಿರಲಿಲ್ಲ. ಭುವನಾ ಅದನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು. ಹೆಬ್ಬೆರಳಿನ ಗೆರೆಗಳ ಒಳಗೆ ಕಂದು ಪುಡಿ ಕೂತಿತ್ತು, ಎಷ್ಟು ಒರೆಸಿದರೂ ಹೋಗದ್ದು. ಮೊದಲು ಅಲ್ಲಿ ಶಾಯಿ ಇರುತ್ತಿತ್ತು. ಏಳನೇ ಕ್ಲಾಸಿನ ಬೆಂಚಿನಲ್ಲಿ ಪಕ್ಕದಲ್ಲಿ ಶಾಲಿನಿ, ಉದ್ದ ಜಡೆ, ಬಾಯಲ್ಲಿ ಸದಾ ಪೇರಳೆ ಎಲೆ. ಭುವನಾಳ ಪುಸ್ತಕ ನೋಡಿ ಬರೆಯುತ್ತಿದ್ದಳು, ಇವಳೇ ತೋಳು ಸರಿಸಿ ತೋರಿಸುತ್ತಿದ್ದಳು. ಒಂದು ದಿನ, ಮೇಷ್ಟ್ರು ಇನ್ನೆರಡು ಬೆಂಚು ಆಚೆ ಇರುವಾಗ, ತನ್ನ ಲೆಕ್ಕ ತಪ್ಪಿದ್ದು ಹೊಳೆಯಿತು. ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ ಶಾಯಿಯನ್ನು ಕೆರೆದು, ಉಗುರಿನಿಂದ ಕಾಗದ ನಯ ಮಾಡಿ, ಹೊಸ ಅಂಕಿ ಬರೆದುಬಿಟ್ಟಳು. ಶಾಲಿನಿಗೆ ಹೇಳಲು ಹೊತ್ತಿರಲಿಲ್ಲ, ಅಥವಾ ಇತ್ತು. ಮೇಷ್ಟ್ರು ಬಂದು ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟರು. ಸರ್, ನಾನು ಭುವನಾನ್ನ ನೋಡಿಯೇ ಬರೆದದ್ದು, ಅವಳದ್ದೂ ಹೀಗೇ ಇತ್ತು ಸರ್ ಎಂದಳು ಶಾಲಿನಿ. ಎಲ್ಲಿದೆ ತೋರಿಸು ಎಂದರು. ಎಲ್ಲಿಯೂ ಇರಲಿಲ್ಲ. ಆ ಪೀರಿಯಡ್ಡು ಮುಗಿಯುವವರೆಗೆ ಶಾಲಿನಿ ಬಾಗಿಲ ಹೊರಗೆ ನಿಂತಿದ್ದಳು, ನೋಡಿ ಬರೆದದ್ದಕ್ಕಲ್ಲ, ಸುಳ್ಳಿಗೆ. ಆಮೇಲೆ ಜಗಳವನ್ನೂ ಮಾಡಲಿಲ್ಲ. ಪೇರಳೆ ಎಲೆ ಕೊಡುವುದನ್ನು ನಿಲ್ಲಿಸಿದಳು, ಅಷ್ಟೇ. ಕೆರೆದ ಜಾಗದಲ್ಲಿ ಕಾಗದ ಎಷ್ಟು ತೆಳುವಾಗಿತ್ತೆಂದರೆ ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ವರ್ಷದ ಕೊನೆಯವರೆಗೂ ಆ ಪುಟ ಬಂದಾಗ ಎರಡು ಹಾಳೆ ಒಟ್ಟಿಗೆ ತಿರುವುತ್ತಿದ್ದಳು ಭುವನಾ.

"ಭುವನಾ, ಚಿಕೋರಿ ಡಬ್ಬ ಓಡಿಹೋಯ್ತಾ?" ವಿಶ್ವನಾಥ ಕೂಗಿದ. "ಸಂಸೆಯ ತಿಮ್ಮಮ್ಮ ಬಂದಿದಾರೆ, ಅವರಿಗೆ ಬಸ್ಸುಂಟು."

ಡಬ್ಬ ಹಿಡಿದು ಹೊರಗೆ ಬಂದಳು. ಫೋನು ಜೇಬಿಗೆ ಹೋಗಿತ್ತು, ಎರಡರಲ್ಲಿ ಒಂದನ್ನೂ ಒತ್ತಿರಲಿಲ್ಲ. ತಿಮ್ಮಮ್ಮ ಕೌಂಟರಿಗೆ ಕೈಚೀಲ ಒರಗಿಸಿ, ಬಸ್ಸಿನ ಕಡೆ ಒಂದು ಕಣ್ಣು, ತಕ್ಕಡಿಯ ಕಡೆ ಒಂದು ಕಣ್ಣು ಇಟ್ಟು ನಿಂತಿದ್ದರು.

"ಒಂದು ಕೆಜಿ ಕಾಫಿಗೆ ಮಾಡಿ ಕೊಡಿ ಅಮ್ಮಾ, ಮಾಮೂಲಿ, ಒಂದಕ್ಕೆ ಕಾಲು. ಮನೆಗೆ ನೆಂಟರು ಬಂದಿದಾರೆ, ಬೆಳಿಗ್ಗೆಯಿಂದ ಮೂರು ಸಲ ಕಾಫಿ ಕುಡಿದು, ಇದು ಎಲ್ಲಿ ಪುಡಿ ಅಂತ ಮೂರು ಸಲ ಕೇಳಿದ್ರು."

"ತಿಮ್ಮಮ್ಮಜ್ಜಿ, ಒಂದಕ್ಕೆ ಕಾಲು ಅಂದ್ರೆ ನೂರಕ್ಕೆ ಎಷ್ಟು ಗೊತ್ತಾ?" ಧನ್ಯಶ್ರೀ ಶುರು ಮಾಡಿದಳು.

"ನಂಗೆ ನೂರು ಬೇಡ ಮಗಾ, ಒಂದು ಸಾಕು. ನಾಳಿದ್ದು ಹೋಗೋ ನೆಂಟರು, ಅಲ್ಲೇ ಕೂತ್ರೆ ಕಷ್ಟ."

ಸಿದ್ದಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೇ ಹೇಳೂದು, ಇಪ್ಪತ್ತೈದು ಅಂತ ಇಪ್ಪತ್ತು ಹಾಕಿದ್ರೆ ನೆಂಟರು ಏಳೂದಿಲ್ಲ!"

ಭುವನಾ ತಕ್ಕಡಿಗೆ ಒಂದು ಕೆಜಿ ಕಾಫಿ ಪುಡಿ ಸುರಿದಳು. ಕಾಲು ಕೆಜಿ ಚಿಕೋರಿ ಸುರಿದಳು. ಎರಡನ್ನೂ ಇನ್ನೊಂದು ಖಾಲಿ ಬೋಗುಣಿಗೆ ಹಾಕಿ ಕೈ ಇಳಿಸಿದಾಗ, ಎರಡು ಬಣ್ಣ ಪಕ್ಕಪಕ್ಕ ಬಿದ್ದು ನದಿಯ ದಂಡೆಯಂತೆ ಗೆರೆ ಮೂಡಿತು. ಇದೊಂದು ಕ್ಷಣ ಅವಳಿಗೆ ಯಾವಾಗಲೂ ಇಷ್ಟ, ಕಲೆಸುವ ಮೊದಲಿನದು, ಯಾವುದು ಯಾವುದೆಂದು ಕಾಣುವುದು. ನಾಳೆ ಫಸ್ಟ್ ಪೀರಿಯಡ್ಡಿನಲ್ಲಿ ಆ ಮಿಸ್ಸು ಕನ್ನಡಕ ಏರಿಸಿ ಫೋನು ನೋಡುವುದು ಕಣ್ಣಿಗೆ ಬಂತು. ಕೆಂಪು ಪಟ್ಟಿ. ಅದರ ಕೆಳಗೆ ಎಂಟು. ಅದರ ಕೆಳಗೆ, ಅಡ್ಡಗೆರೆಯ ಹಿಂದೆ, ಯಾರೂ ಕೆರೆದು ತೆಗೆಯದ ಆರು, ಆಶ್ಚರ್ಯಸೂಚಕ ಚಿಹ್ನೆಯ ಸಮೇತ. ಧನ್ಯಶ್ರೀ ಗಲ್ಲ ಎತ್ತಿ ಇಡೀ ಕ್ಲಾಸಿನ ಕಡೆ ತಿರುಗಿ ನೋಡುವುದು. ಹುಡುಗಿ ಸಂಜೆ ಇಲ್ಲಿಗೆ ಬಂದು ಪೀಬರಿ ಸರ್ ಮಾನ ಹರಾಜಾದ ಕಥೆಯನ್ನು ಅಭಿನಯ ಸಮೇತ ಹೇಳುತ್ತಾಳೆ, ತಾನು ಚಿಕೋರಿ ತೂಗುತ್ತ ಕೇಳಬೇಕು, ನಗಲೂ ಬೇಕು. ಹತ್ತನೆಯ ಕೀಲಿ ಬೇರೆ ಯಾರಿಗೋ ಹೋಗುತ್ತದೆ. ಹೋಗಲಿ ಎಂದುಕೊಂಡಾಗ ಎದೆಯಲ್ಲಿ ಎಲ್ಲೋ ಸಣ್ಣಗೆ ಹಿಂಡಿತು, ಸುಳ್ಳು ಹೇಳುವಂತಿಲ್ಲ. ಹಿಂಡಿ, ಬಿಟ್ಟಿತು.

ಬರೆಯಬೇಕಾದ ಸಾಲುಗಳು ಕೈಯ ತಿರುವಿನ ಜೊತೆಗೇ ಹೊರಳಿ ಬರತೊಡಗಿದವು. ತಪ್ಪು ನನ್ನದು. ಅಂಗಡಿಯಲ್ಲಿ ನಾವು ಒಂದಕ್ಕೆ ಕಾಲು ಅನ್ನುತ್ತೇವೆ. ಈ ಲೆಕ್ಕದಲ್ಲಿ ಅದು ಮೂರಕ್ಕೆ ಒಂದು. ಯಾಕೆಂದರೆ ಇಲ್ಲಿ ಕಾಲು ಅನ್ನುವುದು ಒಟ್ಟು ಮಿಶ್ರಣದ ಕಾಲು. ಯಾವುದರ ಕಾಲು ಎಂದು ನಾನು ಕೇಳಿಕೊಳ್ಳಲಿಲ್ಲ. ಕೃತಿಕಾ, ನೀನು ಮೂರು ಸಲ ಮಾಡಿದ್ದೂ ಸರಿ. ನಾಲ್ಕನೇ ಸಲ ಮಾಡಬೇಕಿದ್ದವಳು ನಾನು. 'ಮಾಡಬೇಕಿದ್ದವಳು' ಎಂದು ಬರೆದರೆ ಸರ್ ಎಂಬುದು ಉಳಿಯುವುದಿಲ್ಲ ಎಂದು ಆಮೇಲೆ ಹೊಳೆಯಿತು. ಒಂದು ಸುತ್ತು ಕೈಯಾಡಿಸುತ್ತ ಯೋಚಿಸಿದಳು. ಆ ಪದವನ್ನು ಬದಲಾಯಿಸುವುದಿಲ್ಲ.

"ಎಂತಕ್ಕೆ ನಗ್ತಿದೀಯ?" ಎಂದ ವಿಶ್ವನಾಥ, ಪ್ಯಾಕೆಟ್ಟಿನ ಬಾಯಿ ಅಗಲಿಸಿ ಹಿಡಿದು.

"ಏನಿಲ್ಲರೀ. ಸೀರಿಯಲ್ಲು ನೆನಪಾಯ್ತು."

ಪುಡಿ ಒಂದೇ ಬಣ್ಣಕ್ಕೆ ಬಂದಿತ್ತು. ಸುರಿದು, ಬಾಯಿ ಮಡಚಿ, ತಿಮ್ಮಮ್ಮನ ಕೈಗೆ ಕೊಟ್ಟಳು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಲ್ಲಿಯ ಕೆಳಗೆ ಎರಡೂ ಕೈಯನ್ನು ಮೊಣಕೈವರೆಗೆ ತೊಳೆದು, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಭುವನಾ ಮತ್ತೆ ಉಗ್ರಾಣದ ಕಡೆ ನಡೆದಳು.